ಅರಿಷಿಣ ಹಚ್ಚಿಕೊಂಡ ನವಿಲುಗಳು

ಬೈಲಹೊಂಗಲದಲ್ಲಿ ನಾನು ಸೇರಲಿದ್ದ ಕಂಪನಿಯ ಹೆಸರು ಹೇಳಿ ಅಪ್ಪ ರಾಮದುರ್ಗದ ಬಸ್ ಸ್ಟ್ಯಾಂಡಿನಲ್ಲಿ ಕಂಡಕ್ಟರನಿಂದ ಹಿಡಿದು ಕಬ್ಬಿನ ಹಾಲಿನವನವರೆಗೆ ಎಲ್ಲರನ್ನೂ ಕೇಳಿದ. ಬೈಲಹೊಂಗಲದವರೇ ಒಬ್ಬರು, ಅಂಥದ್ದು ನಮ್ಮೂರಲ್ಲಿ ಇಲ್ಲವೇ ಇಲ್ಲ ಎಂದುಬಿಟ್ಟರು. ಅಪ್ಪನಿಗೆ ಅಷ್ಟು ಸಾಕಾಯಿತು. ಮಗ್ಗದ ಮುಂದೆ ಬೆಳೆದವನು. ಮುಟ್ಟಿ ನೋಡಲು ಬಾರದ ಕೆಲಸವನ್ನು ನಂಬುವವನಲ್ಲ. "ಒಂದ ತಿಂಗಳು ನೋಡತೇನಿ. ನೀ ಮಾಡಿದ್ದನ್ನ ತಂದು ನನ್ನ ಕೈಯಾಗ ಇಡು. ಇಲ್ಲಂದ್ರ ಗಂಟು ಕಟ್ಟಿಕೊಂಡು ಬಾ" ಅಂದ.

ಅವನ ಅನುಮಾನ ಪೂರ್ತಿ ಸುಳ್ಳೇನಲ್ಲ. ಕಂಪನಿ ಅಂದರೆ ಗೊಬ್ಬರದ ಅಂಗಡಿಯ ಮೇಲಿನ ಎರಡು ಕೋಣೆ, ಮದುವೆ ಪತ್ರಿಕೆ ಡಿಸೈನ್ ಮಾಡುವ ನಾವು ಮೂವರು, ಮತ್ತು ಎಲ್ಲರೂ ಅಕ್ಕಾರ ಎಂದು ಕರೆಯುತ್ತಿದ್ದ ಮಾಲಕಿ. ಕೆಳಗಿನ ಬೆಳೆ ಔಷಧದ ನಾತಕ್ಕೆ ಮೊದಲ ವಾರವೆಲ್ಲ ತಲೆಶೂಲೆ. ಆದರೂ ಚಿತ್ರ ಬರೆಯುವುದಕ್ಕೇ ಸಂಬಳ ಕೊಡುತ್ತಾರಲ್ಲ ಎಂದು ಒಳಗೊಳಗೇ ಹಿಗ್ಗುತ್ತಿದ್ದೆ.

ನನ್ನ ಮೊದಲ ಕೆಲಸ ಸಂಗೊಳ್ಳಿ ಕಡೆಯ ಒಂದು ಮನೆತನದ ಪತ್ರಿಕೆ. ಬರುವಾಗ ದಾರಿಯಲ್ಲಿ ನವಿಲುತೀರ್ಥದ ಬೋರ್ಡು ಕಂಡಿದ್ದೆ. ಅದೇ ತಲೆಯಲ್ಲಿ ಕೂತಿತ್ತು. ನಾಲ್ಕು ಮೂಲೆಗೆ ನಾಲ್ಕು ನವಿಲು ಬರೆದೆ. ಕಣ್ಣು, ಜುಟ್ಟು, ಕೊರಳಿನ ನೀಲಿ, ಒಂದೊಂದನ್ನೂ ತಿದ್ದಿ ತೀಡಿದೆ. ಅಪ್ಪನ ಕೈಯಲ್ಲಿ ಇಡುವುದು ಇದನ್ನೇ ಎಂದು ಅಂದೇ ಗಟ್ಟಿ ಮಾಡಿಕೊಂಡೆ.

ಅಚ್ಚಾದ ಕಟ್ಟುಗಳನ್ನು ಒಯ್ಯಲು ವರನ ತಾಯಿ ಬಂದರು. ಪೂಜೆ ಇಲ್ಲೇ ಆಗಲಿ ಎಂದು ಬಟ್ಟಲಲ್ಲಿ ಅರಿಷಿಣ ಕಲಸಿಕೊಂಡು, ಜಮಖಾನೆಯ ಮೇಲೆ ಪತ್ರಿಕೆ ಹರವಿ, ಬೆರಳದ್ದಿ ನಾಲ್ಕೂ ಮೂಲೆಗೆ ಹಚ್ಚತೊಡಗಿದರು. ಅಯ್ಯೋ ನನ್ನ ಕರ್ಮವೇ! ನಾನು ಹುಟ್ಟಿದಾಗಿನಿಂದ ನಮ್ಮ ಮನೆಗೆ ಬಂದ ಮದುವೆ ಪತ್ರಿಕೆಗಳೆಲ್ಲ ಮೂಲೆಗೆ ಅರಿಷಿಣ ಹಚ್ಚಿಕೊಂಡೇ ಬಂದಿದ್ದವು. ಬರೆಯುವಾಗ ಅದು ನೆನಪಾದರೆ ತಾನೆ? ನನ್ನ ನವಿಲುಗಳ ಮೋರೆಗೆಲ್ಲ ಕಾಮಾಲೆ ಬಂದಂತಾಯಿತು. ಅಕ್ಕಾರ ಸೆರಗು ಬಾಯಿಗೆ ಹಿಡಿದು ನಕ್ಕರು, ನಿಮ್ಮ ಮನೆಯಲ್ಲಿ ಯಾರದೂ ಮದುವೆಯೇ ಆಗಿಲ್ಲವೇನು ಎಂದು ಕೇಳಿದರು. ನನಗೆ ಅಳು ಬಂದಿತ್ತು.

ಊರಿಗೆ ಒಯ್ಯಲು ಅರಿಷಿಣ ಹಚ್ಚದ ಒಂದನ್ನು ಕೊಡಿ ಎಂದು ಆ ತಾಯಿಯನ್ನು ಬೇಡಿಕೊಂಡೆ. ಅವರು ನನ್ನ ಮುಖ ನೋಡಿದರು. "ಹಂಗ ಕೊಡಬಾರದವಾ. ಸತ್ತವರ ದಿನದ ಪತ್ರಿಕಿಗೆ ಮಾತ್ರ ಅರಿಷಿಣ ಹಚ್ಚಂಗಿಲ್ಲ" ಎಂದು, ನನ್ನ ಪತ್ರಿಕೆಗೆ ಒಂದು ಕೈ ಜಾಸ್ತಿಯೇ ಹಚ್ಚಿ ಕೊಟ್ಟರು.

ಅದನ್ನೇ ಹಿಡಿದು ಭಾನುವಾರ ಊರಿನ ಬಸ್ಸು ಹತ್ತಿದೆ. ತೊರಗಲ್ ದಾಟುವವರೆಗೂ ಅಪ್ಪನಿಗೆ ಹೇಳಬೇಕಾದದ್ದನ್ನು ಬಾಯಿಪಾಠ ಮಾಡಿದೆ: ಇದರಡಿ ನವಿಲು ಇದೆ, ಜುಟ್ಟು ಇದೆ, ಕಂಪನಿಯೂ ಖರೇ ಇದೆ. ಮನೆ ಮುಟ್ಟಿದವಳೇ ಪತ್ರಿಕೆಯನ್ನು ಅಪ್ಪನ ಕೈಗಿಟ್ಟೆ.

ಅಪ್ಪ ನವಿಲು ಹುಡುಕಲಿಲ್ಲ. ಮೂಲೆಯ ಅರಿಷಿಣವನ್ನು ಮುಟ್ಟಿ ನೋಡಿದ. ಎದ್ದು ಹೋಗಿ, ಮನೆಗೆ ಬಂದ ಎಲ್ಲ ಪತ್ರಿಕೆಗಳಂತೆ ಅದನ್ನೂ ದೇವರ ಜಗುಲಿಯ ಮೇಲಿಟ್ಟು ಕೈಮುಗಿದ. ಆಮೇಲೆ ಮದುವೆ ಯಾವಾಗ ಎಂದು ಕೇಳಿ, ತನ್ನ ಹೊಸ ಧೋತರ ತೆಗೆದಿಡಲು ಅವ್ವನಿಗೆ ಹೇಳಿದ. ಗುರುತು ಪರಿಚಯ ಇಲ್ಲದವರ ಮದುವೆಗೆ ನೀನು ಯಾಕೆ ಹೋಗುತ್ತೀ ಎಂದೆ.

"ಪತ್ರಿಕಿ ಮನಿ ತನಕ ಬಂದೈತಿ" ಅಂದ. "ನನ್ನ ಮಗಳು ಕರದಾಳ. ಹೋಗದಿದ್ರ ಹ್ಯಾಂಗ?"