ಟೈಲರ್ ಮಗಳ ಇಂಟರ್‌ವ್ಯೂ

ಟೈಲರಿಗೆ ಕಣ್ಣು ಹೋದ ಮೇಲೆ ಟೀವಿ ನೋಡುವ ಕೆಲಸ ಮಗಳ ತಲೆಗೆ ಬಿತ್ತು. ಅವಳು ನೋಡಬೇಕು, ಅಪ್ಪನಿಗೆ ಹೇಳಬೇಕು. ಧಾರಾವಾಹಿಯಲ್ಲಿ ಯಾರು ಬಂದರು, ಅತ್ತೆ ಮುಖ ಹೇಗೆ ಗಂಟು ಹಾಕಿಕೊಂಡಳು, ಸೊಸೆ ಬಾಗಿಲ ಹಿಂದೆ ನಿಂತು ಏನು ಕೇಳಿಸಿಕೊಂಡಳು. ಉಸಿರು ತಗೊಳ್ಳಲು ನಿಂತರೂ ಸಾಕು, ಅವನು "ಆಮೇಲೆ?" ಅನ್ನುತ್ತಿದ್ದ. ರೇಡಿಯೋ ಅಂತಲೇ ಕರೆಯುತ್ತಿದ್ದ ಅವಳನ್ನು.

"ಅಷ್ಟೊಂದು ಉಪ್ಪು ಖಾರ ಹಚ್ಚಬೇಡ್ವೇ," ಅಂತ ತಾಯಿ ಬೈದರೆ, "ನೀನು ಸುಮ್ನಿರೇ, ಟೀವಿಗಿಂತ ನನ್ನ ರೇಡಿಯೋನೇ ವಾಸಿ," ಅನ್ನುತ್ತಿದ್ದ.

ಒಂದು ಸಂಜೆ ಆ ಧಾರಾವಾಹಿ ಮುಗಿಯಿತು. ಮಗಳು ಕೊನೆ ಹೇಳಿದಳು. "ಸರಿ ಬಿಡು," ಅಂದು ಅವನು ಗೋಡೆ ಕಡೆ ಮಗ್ಗುಲಾದ. ಮಂಚ ಕಿರುಗುಟ್ಟಿತು. ಮತ್ತೆ ಏಳಲಿಲ್ಲ.

ಅಲ್ಲಿಂದ ಮಗಳ ಬಾಯಿಗೆ ಬೀಗ. ಹಾಗಿದ್ದವಳು ಒಂದು ದಿನ ತಾನಾಗಿ ಬಂದು, "ಅಮ್ಮಾ, ಟೀವಿ ಕಂಪನಿಯ ಕಥೆ ವಿಭಾಗದಲ್ಲಿ ಇಂಟರ್ನ್‌ಶಿಪ್ ಇದೆ. ಹೊಸ ಧಾರಾವಾಹಿ ಕಟ್ಟೋದು ಕಲಿಸ್ತಾರೆ. ಇಂಟರ್‌ವ್ಯೂಗೆ ನೀನೂ ಬಾ. ಒಬ್ಳೇ ಹೋದ್ರೆ ನಾಲಿಗೆ ಏಳಲ್ಲ," ಅಂದಳು. ತಾಯಿಗೆ ಹೋದ ಜೀವ ಬಂತು.

ಆಫೀಸಿನ ಕೋಣೆಗಳಿಗೆ ಪ್ಲೈವುಡ್ ಗೋಡೆ. ಮಗಳು ಒಳಗೆ ಹೋದಳು. ತಾಯಿ ಹೊರಗೆ ಬೆಂಚಿನ ಮೇಲೆ ಗೋಡೆಗೊರಗಿ ಕೂತಳು. ಎಲ್ಲ ಕೇಳಿಸುತ್ತಿತ್ತು.

"ಶಬ್ದ ತೆಗೆದು ಒಂದು ಸೀನ್ ಹಾಕ್ತೀವಿ," ಅಂದಿತು ಮೇಡಂ ದನಿ. "ನೋಡ್ತಾ ಕಥೆ ಹೇಳಿ. ಸೀನ್ ಅರ್ಧಕ್ಕೆ ನಿಲ್ಲತ್ತೆ, ನೀವು ನಿಲ್ಲಬಾರದು. ಕೊನೆ ಮುಟ್ಟಿಸಬೇಕು. ಮುಟ್ಟಿಸದವರನ್ನ ನಾವು ತಗೊಳ್ಳಲ್ಲ."

"ಒಬ್ಬ ಹೆಂಗಸು... ಬಾಗಿಲು ತೆಗೀತಾಳೆ..." ಮಗಳು ತಡವರಿಸಿದಳು.

"ಆಮೇಲೆ?"

ತಾಯಿಯ ಬೆನ್ನು ಗೋಡೆಯಿಂದ ಎದ್ದಿತು. ಅದು ಮೇಡಂ ದನಿಯಲ್ಲ. ಹಲ್ಲಲ್ಲಿ ಸೂಜಿ ಕಚ್ಚಿಕೊಂಡು ಮಾತಾಡುವವನ ದನಿ. ಸಂಸಾರ ಮಾಡಿದವಳಿಗೆ ಗೊತ್ತಾಗದೇ?

ಮಗಳ ಮಾತು ಹರಿಯತೊಡಗಿತು. ಎಲ್ಲಿ ನಿಂತರೆ ಅಲ್ಲಿ ಆ ದನಿ.

ತಾಯಿ ಎದುರಿಗಿದ್ದ ವಾಚ್‌ಮನ್‌ನನ್ನು ಕೇಳಿದಳು. "ಒಳಗೆ ಗಂಡಸರು ಯಾರಪ್ಪ?"

"ಗಂಡಸರಾ? ಇಬ್ರೂ ಮೇಡಂಗಳೇ ಅಮ್ಮ. ಇಲ್ಲಿ ಗಂಡಸರು ಟೀ ತರೋಕೆ, ಬೈಸ್ಕೊಳ್ಳೋಕೆ ಮಾತ್ರ."

ಅವಳು ನಗಲಿಲ್ಲ. ಪ್ಲೈವುಡ್‌ಗೆ ಕಿವಿ ಇಟ್ಟಳು. ತಣ್ಣಗಿತ್ತು. ಆಚೆ ಬದಿಯಲ್ಲೂ ಯಾರೋ ಕಿವಿ ಇಟ್ಟಂತೆ ಉಸಿರು. ಅವಳಿಗೆ ಭಯವಾಗಲಿಲ್ಲ, ಆಸೆಯಾಯಿತು. ಇನ್ನಷ್ಟು ಇರಲಿ.

ಅಷ್ಟರಲ್ಲಿ ಮಗಳ ದನಿ ತಗ್ಗಿತು. ಕೊನೆ ಹತ್ತಿರ ಬಂದರೆ ಅವಳು ಹಾಗೆಯೇ ತಗ್ಗಿಸುತ್ತಿದ್ದಳು. ತಾಯಿ ಎದ್ದು ಬಾಗಿಲ ಹಿಡಿ ಹಿಡಿದಳು. ಒಳಗೆ ನುಗ್ಗಿ "ನಿಲ್ಸೇ" ಅಂದರೆ ಕಥೆ ಮುಗಿಯುವುದಿಲ್ಲ. ಅವನು ಹೋಗುವುದಿಲ್ಲ. ಮಗಳ ಕೆಲಸ ಮಾತ್ರ ಹೋಗುತ್ತದೆ.

ಒಳಗೆ ಮಗಳು ಹೇಳುತ್ತಾ ಹೇಳುತ್ತಾ ನಕ್ಕಳು. ಆ ನಗು ಕೇಳಿ ಎಷ್ಟು ಕಾಲವಾಗಿತ್ತೋ.

ತಾಯಿ ಹಿಡಿ ಬಿಟ್ಟಳು. ಮುಷ್ಟಿಯನ್ನು ಬಾಯಿಗೆ ಒತ್ತಿಕೊಂಡಳು.

"ಅಷ್ಟೇ. ಮುಗೀತು," ಅಂದಳು ಮಗಳು.

ಯಾರೋ ಮಗ್ಗುಲು ಬದಲಿಸಿದಂತೆ ಮಂಚ ಕಿರುಗುಟ್ಟಿತು. ಆ ಕೋಣೆಯಲ್ಲಿ ಮಂಚವೆಲ್ಲಿಂದ ಬರಬೇಕು.

ಮಗಳು ಹೊರಗೆ ಬಂದಳು. "ಅಮ್ಮಾ, ಸೋಮವಾರದಿಂದ ಬಾ ಅಂದ್ರು! ಮಧ್ಯೆ ಯಾರೂ ತುಟಿ ಪಿಟಕ್ಕನ್ನಲಿಲ್ಲ ಗೊತ್ತಾ, ಸುಮ್ನೆ ಕೇಳಿಸ್ಕೊಂಡ್ರು. ನೀನ್ಯಾಕೆ ಹೀಗೆ ನಡುಗ್ತಿದೀಯ?"

"ಎ.ಸಿ. ಗಾಳಿ. ನಡಿ."

ಮೆಟ್ಟಿಲಲ್ಲಿ ತಾಯಿ ಮುಂದೆ ಹೋದಳು. ಮಗಳಿಗೆ ಮುಖ ಕಾಣಬಾರದು ಅಂತ.