ಅಂಗೈಯಗಲದ ಕಿಂಡಿ

ಉತ್ತರದ ಹಿಮನಾಡಿನ ಇನಾರಿ ಊರಿನ ಸುತ್ತಿನ ಹಳ್ಳಿಗಳಿಗೆ ಅಂಚೆ ಹಂಚುವ ಉರ್ಪೊ ಯಾರನ್ನೂ ಸುಲಭಕ್ಕೆ ನಂಬುವ ಆಸಾಮಿಯಲ್ಲ. ಚಳಿಗಾಲದ ಆರಂಭದಲ್ಲಷ್ಟೇ ಕೆಲಸಕ್ಕೆ ಸೇರಿದ್ದ ಅವನು ಹಳೆಯ ವ್ಯಾನಿನಲ್ಲಿ ದಿನವೂ ಮುಂದಿನ ಗಾಜಿನ ಮೇಲೆ ಅಂಗೈಯಗಲ ಮಂಜುಗಡ್ಡೆ ಕೆರೆದು, ಆ ಕಿಂಡಿಯಲ್ಲೇ ರಸ್ತೆ ನೋಡುತ್ತಿದ್ದ. ಈಗ ಬಂದಿರುವ ಹೊಸ ವ್ಯಾನಿನಲ್ಲಿ ಒಂದು ಗುಂಡಿಯಿತ್ತು. ಒತ್ತಿದರೆ ಗಾಜಿನೊಳಗಿನ ಎಳೆತಂತಿಗಳು ಬಿಸಿಯಾಗಿ ಮಂಜುಗಡ್ಡೆಯೆಲ್ಲ ಕರಗಿ ಇಳಿಯುತ್ತಿತ್ತು, ಅಂಟಿ ಕೂತ ವೈಪರುಗಳೂ ಬಿಡಿಸಿಕೊಳ್ಳುತ್ತಿದ್ದವು.

ಅಂದಿನಿಂದ ಊರಿನವರ ವರಸೆಯೇ ಬದಲಾಯಿತು. ಅಂಗಳದ ಹಿಮ ಎತ್ತುತ್ತಿದ್ದವರು ಸಲಿಕೆ ಊರಿ ಅವನತ್ತ ಕೈ ಬೀಸಿದರು. ಬಸ್ಸಿಗೆ ಕಾಯುತ್ತಿದ್ದವರೂ ಬೀಸಿದರು. ಉರ್ಪೊ ಇಳಿದು ಟೈರು ನೋಡಿದ, ಹಿಂಬಾಗಿಲು ಎಳೆದು ನೋಡಿದ. ಎಲ್ಲ ಸರಿಯಾಗಿಯೇ ಇತ್ತು. ಹಾಗಾದರೆ ಇದರಲ್ಲಿ ಏನೋ ಮಸಲತ್ತಿದೆ!

ಅಂಗಡಿಯ ಲೆಂಪಿಯ ಮುಂದೆ ಕಾಫಿ ಲೋಟ ಕುಕ್ಕಿ ಕೇಳಿಯೇಬಿಟ್ಟ: "ನಿಜ ಹೇಳು. ಎಲ್ರೂ ನಂಗ್ಯಾಕೆ ಕೈ ಬೀಸ್ತಿದೀರಾ? ನನ್ನ ಬೆನ್ನ ಹಿಂದೆ ಏನ್ ನಡೀತಿದೆ?"

"ಅಯ್ಯೋ ಮಾರಾಯ, ನೀನು ಕೆಲ್ಸಕ್ಕೆ ಸೇರಿದಾಗಿಂದ ಬೀಸ್ತಾನೇ ಇದೀವಿ," ಎಂದಳು ಲೆಂಪಿ. "ನಿನ್ ಕಣ್ಣಿಗೆ ಬಿದ್ದಿದ್ದು ಈಗ."

"ಸುಳ್ಳು!" ಎಂದು ಉರ್ಪೊ ಎದ್ದು ನಡೆದ.

ಮರುದಿನ ಪರೀಕ್ಷಿಸಲೆಂದೇ ಗುಂಡಿ ಒತ್ತದೆ, ಅಂಗೈಯಗಲವಷ್ಟೇ ಕೆರೆದು ಹೊರಟ. ಕಿಂಡಿಯಲ್ಲಿ ರಸ್ತೆ ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. ಅಂಗಡಿಯ ಎದುರು ಗಕ್ಕನೆ ನಿಲ್ಲಿಸಿ, ಬಾಗಿಲು ತೆರೆದು ಇಣುಕಿದ.

ಆ ಕುರುಡು ಗಾಜಿಗೇ ಲೆಂಪಿ ಕೈ ಬೀಸುತ್ತಿದ್ದಳು.