ಕಂಬಳಿ ಕತ್ತಲಲ್ಲಿ ಕಂಡ ಸಿನಿಮಾ

ನಾನು ಚಿಕ್ಕವಳಿದ್ದಾಗ, ಸಿನಿಮಾ ನೋಡಿದ ಮಕ್ಕಳು ಕೆಟ್ಟುಹೋಗುತ್ತಾರೆ ಎಂದು ನಮ್ಮೂರಿನ ದೊಡ್ಡವರೆಲ್ಲ ನಂಬಿದ್ದರು. ಅವರಲ್ಲಿ ಅರ್ಧ ಜನ ಸಿನಿಮಾ ನೋಡಿಯೇ ಇರಲಿಲ್ಲ. ಉಳಿದರ್ಧ ಜನ ನೋಡಿ ಬಂದು ಹಾಗೆ ಹೇಳುತ್ತಿದ್ದರು.

ನಮ್ಮ ಶಾಲೆಯ ಹೆಡ್‌ಮೇಷ್ಟ್ರು ಮಾತ್ರ ಬೇರೆ ಥರದವರು. ಒಳ್ಳೆಯ ಹಳೇ ಸಿನಿಮಾಗಳನ್ನು ಹುಡುಕಿ ಮಕ್ಕಳಿಗೆ ತೋರಿಸಬೇಕು, ನಡತೆಯ ಪಾಠಕ್ಕೆ ಅದಕ್ಕಿಂತ ಒಳ್ಳೆಯ ಪುಸ್ತಕವಿಲ್ಲ ಎನ್ನುತ್ತಿದ್ದರು. ಅರಕಲಗೂಡಿನಿಂದ ಮಲ್ಲಿಪಟ್ಟಣದ ಕಡೆ ಎರಡು ಮೈಲಿ ನಡೆದರೆ ನಮ್ಮೂರು. ಸುಗ್ಗಿ ಮುಗಿಯುವ ಹೊತ್ತಿಗೆ ಅರಕಲಗೂಡಿನ ಬಯಲಿಗೆ ಪ್ರತಿವರ್ಷ ಟೆಂಟ್ ಸಿನಿಮಾ ಬರುತ್ತಿತ್ತು. ಮೇಷ್ಟ್ರು ಟೆಂಟಿನವರ ಹತ್ತಿರ ಹೋಗಿ, ಮಕ್ಕಳಿಗಾಗಿ ಹಗಲು ಹೊತ್ತಿನಲ್ಲಿ ಒಂದು ಆಟ ಹಾಕಿ ಎಂದು ಬೆನ್ನು ಹತ್ತಿದರು. ಹಗಲಲ್ಲಿ ಟೆಂಟಿನೊಳಗೆ ಬೆಳಕು ನುಗ್ಗುತ್ತದೆ, ಪರದೆಯ ಮೇಲೆ ಏನೂ ಕಾಣುವುದಿಲ್ಲ ಎಂದರು ಅವರು. ಅದಕ್ಕೆ ಮೇಷ್ಟ್ರು ಒಂದು ಉಪಾಯ ಹೂಡಿದರು. ಪ್ರತಿಯೊಂದು ಮಗುವೂ ಮನೆಯಿಂದ ಒಂದು ಕಂಬಳಿ ತರಬೇಕು. ಟೆಂಟಿನ ಸುತ್ತ ಕಂಬಳಿ ಇಳಿಬಿಟ್ಟರೆ ಹಗಲೇ ಕತ್ತಲಾಗುತ್ತದೆ!

ಶಾಲೆಗೆ ಶಾಲೆಯೇ ಕುಣಿದಾಡಿತು. ನನಗೊಬ್ಬಳಿಗೆ ಮಾತ್ರ ಆ ಸಿನಿಮಾ ಬೇಡವಾಗಿತ್ತು. ಏಕೆಂದು ಹೇಳುತ್ತೇನೆ, ಕೇಳಿ.

ನನ್ನ ಕ್ಲಾಸಿನಲ್ಲಿ ಊರಾಚೆಯ ಕೇರಿಯ ಹುಡುಗಿಯೊಬ್ಬಳಿದ್ದಳು. ಅವಳ ಹೆಸರು ಹೇಳುವುದಿಲ್ಲ. "ನನ್ನೆಸ್ರು ಮಾತ್ರ ಬರೀಬ್ಯಾಡ ಕಣಮ್ಮಿ" ಎಂದು ಅವಳೇ ಮೊನ್ನೆ ತಾಕೀತು ಮಾಡಿದ್ದಾಳೆ. ಅದಕ್ಕೆ ಗೆಳತಿ ಎಂದೇ ಕರೆಯುತ್ತೇನೆ. ಆಗ ನಾನು ಅವಳೊಂದಿಗೆ ಗೆಳತಿಯ ಹಾಗೆ ನಡೆದುಕೊಂಡಿರಲಿಲ್ಲ ಎನ್ನುವುದು ಬೇರೆ ಮಾತು. ಓದಿನಲ್ಲಿ ನಮ್ಮೆಲ್ಲರಿಗಿಂತ ಮುಂದಿದ್ದಳು. ಅವಳ ಅವ್ವ ನಮ್ಮ ಹೊಲದಲ್ಲಿ ಕೂಲಿಗೆ ಬರುತ್ತಿದ್ದರು. ಹಾಸನದಲ್ಲಿ ಹೆಣ್ಣುಮಕ್ಕಳ ಹಾಸ್ಟೆಲ್ ಒಂದಿತ್ತು, ಊಟವೂ ಇರುವ ಜಾಗವೂ ಅಲ್ಲೇ. ಅಲ್ಲಿ ಸೇರಿ ಹೈಸ್ಕೂಲು ಓದಬೇಕೆಂಬುದು ಅವಳ ಆಸೆ. ಸೇರಬೇಕಾದರೆ ಹೆಡ್‌ಮೇಷ್ಟ್ರು ನಡತೆ ಒಳ್ಳೆಯದೆಂದು ಪತ್ರ ಬರೆದುಕೊಡಬೇಕಿತ್ತು. ಪತ್ರ ಸಿಗದಿದ್ದರೆ ಅವ್ವನ ಜೊತೆ ಕೂಲಿ, ಅಷ್ಟೇ.

ಸಿನಿಮಾಕ್ಕೆ ಎರಡು ವಾರ ಮುಂಚೆ, ಒಂದು ಶನಿವಾರ, ಕ್ಲಾಸು ಗುಡಿಸುವ ಸರದಿ ಅವಳದಾಗಿತ್ತು. ಅವಳು ನೀರು ತರಲು ಕೆರೆಗೆ ಹೋದಾಗ ನಾನು ಒಳಗೆ ನುಗ್ಗಿದೆ. ಮೇಷ್ಟ್ರ ಮೇಜಿನ ಮೇಲೆ ಹೊಸ ಗ್ಲೋಬ್ ಇತ್ತು. ಮುಟ್ಟಬಾರದೆಂದು ಹೇಳಿದ್ದರು. ಅಷ್ಟು ದೊಡ್ಡ ಭೂಮಿಯ ಮೇಲೆ ನಮ್ಮ ಅರಕಲಗೂಡು ಎಲ್ಲಿದೆ ಎಂದು ಹುಡುಕಲು ಗಿರ್ರನೆ ತಿರುಗಿಸಿದೆ. ಅರಕಲಗೂಡು ಸಿಗಲಿಲ್ಲ, ಗ್ಲೋಬ್ ಮಾತ್ರ ನೆಲಕ್ಕೆ ಬಿದ್ದು ಸಮುದ್ರದ ಮೇಲೆ ಉದ್ದಕ್ಕೆ ಬಿರುಕು ಬಿಟ್ಟಿತು. ಬಿರುಕನ್ನು ಗೋಡೆಯ ಕಡೆಗೆ ತಿರುಗಿಸಿಟ್ಟು ಓಡಿದೆ. ಬಾಗಿಲಲ್ಲಿ ಕೊಡ ಹೊತ್ತ ಗೆಳತಿ ಎದುರಾದಳು.

ಸೋಮವಾರ ಮೇಷ್ಟ್ರು ಅವಳನ್ನು ನಿಲ್ಲಿಸಿ ಕೇಳಿದರು.

"ನಾನು ಒಡೀಲಿಲ್ಲ ಸಾ" ಎಂದಳು.

"ಮತ್ಯಾರು ಒಡೆದ್ರು?"

ಅವಳು ಒಂದು ಕ್ಷಣ ನನ್ನ ಕಡೆ ನೋಡಿದಳು. ಆಮೇಲೆ ನೆಲ ನೋಡಿದಳು. "ಗೊತ್ತಿಲ್ಲ ಸಾ."

ಮೇಷ್ಟ್ರು ಹೊಡೆಯಲಿಲ್ಲ. "ಒಡೆದದ್ದಕ್ಕೆ ನನಗೆ ಬೇಜಾರಿಲ್ಲಮ್ಮ. ಸುಳ್ಳು ಹೇಳೋ ಮಗೂಗೆ ನಡತೆ ಒಳ್ಳೇದು ಅಂತ ನಾನು ಹೆಂಗೆ ಬರೆದುಕೊಡಲಿ?" ಎಂದರು. ನಾನು ಬಾಯಿ ಬಿಡಲಿಲ್ಲ. ಅಪ್ಪನ ಕೋಪ ಊರಿಗೇ ಗೊತ್ತಿತ್ತು. ಶಾಲೆ ಬಿಡಿಸಿ ಅಕ್ಕನ ಹಾಗೆ ಮನೆಯಲ್ಲಿ ಕೂರಿಸಿಯಾರು ಎಂಬ ಭಯ. ನಾಳೆ ಹೇಳೋಣ, ನಾಳಿದ್ದು ಹೇಳೋಣ ಎಂದುಕೊಳ್ಳುತ್ತಲೇ ಎರಡು ವಾರ ಕಳೆಯಿತು.

ಸಿನಿಮಾದ ದಿನ ಅಕ್ಕ ಪೆಟ್ಟಿಗೆಯಿಂದ ಕರೀ ಕಂಬಳಿ ತೆಗೆದು ನನ್ನ ಹೆಗಲಿಗೆ ಹಾಕಿದಳು. ಹೊಗೆಸೊಪ್ಪಿನ ಘಾಟು ಹೊಡೆಯುತ್ತಿತ್ತು. ಅಕ್ಕ ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವಳು, ಸಿನಿಮಾ ಕಂಡವಳೇ ಅಲ್ಲ. "ಓಗಿ ನೋಡ್ಕಂಡು ಬಾ. ಬಂದ್ಮೇಲೆ ಒಂದೂ ಬುಡ್ದಂಗೆ ಯೋಳ್ಬೇಕು" ಎಂದಳು. ನನ್ನ ಮುಖ ನೋಡಿ, "ಯಾಕಮ್ಮಿ ಅಂಗಿದೀಯಾ, ಗುಮ್ಮ ಬಡ್ದಂಗೆ?" ಎಂದೂ ಕೇಳಿದಳು. ಏನಿಲ್ಲ ಎಂದು ಓಡಿದೆ.

ನೂರು ಮಕ್ಕಳು ಕಂಬಳಿ ಹೊದ್ದು ಸಾಲಾಗಿ ಹೊರಟೆವು. ದಾರಿಯಲ್ಲಿ ಗಾಡಿ ಹೊಡೆದುಕೊಂಡು ಬರುತ್ತಿದ್ದ ಮುದುಕರೊಬ್ಬರು, "ಏನ್ ಮಕ್ಳಾ, ಇಷ್ಟು ಜನ ಒಟ್ಟಿಗೇ ಕುರಿ ಕಾಯಕ್ಕೆ ಒಂಟ್ರಾ?" ಎಂದು ನಕ್ಕರು. ಟೆಂಟಿನ ಸುತ್ತ ಕಂಬಳಿ ಕಟ್ಟಿದಾಗ ಒಳಗೆ ನಿಜವಾಗಿಯೂ ಕತ್ತಲಾಯಿತು. ಕುರಿಯ ಉಣ್ಣೆ, ಒಲೆಯ ಹೊಗೆ, ತೇವದ ಮರಳು, ಎಂಜಿನ್ನಿನ ಎಣ್ಣೆ, ಎಲ್ಲ ಸೇರಿ ಒಂದು ವಾಸನೆ. ಕಂಬಳಿಗಳ ತೂತುಗಳಿಂದ ಸಣ್ಣ ಸಣ್ಣ ಬಿಸಿಲುಕೋಲು ಒಳಗೆ ಬಿದ್ದು, ಧೂಳು ಅದರಲ್ಲಿ ತೇಲುತ್ತಿತ್ತು. ಮರಳಿನ ಮೇಲೆ ಕೂರುವಾಗ ಗೆಳತಿ ನನ್ನ ಪಕ್ಕಕ್ಕೇ ಬಂದಳು. ನಾನು ಸ್ವಲ್ಪ ಸರಿದು ಕೂತೆ. ಅವಳನ್ನು ಮುಟ್ಟಬಾರದೆಂದಲ್ಲ, ಅವಳ ಮುಖ ನೋಡಲಾಗದೆ.

ಆ ಟೆಂಟಿನಲ್ಲಿ ಒಂದೇ ಪ್ರೊಜೆಕ್ಟರ್. ಒಂದು ರೀಲು ಮುಗಿದರೆ ಆಟ ನಿಲ್ಲುತ್ತಿತ್ತು. ಆಪರೇಟರ್ ಇನ್ನೊಂದು ರೀಲು ಏರಿಸುವವರೆಗೆ, ರಾತ್ರಿ ಆಟದಲ್ಲಾದರೆ, ದೊಡ್ಡವರು ಬೀಡಿ ಸೇದುತ್ತಿದ್ದರು. ಮೇಷ್ಟ್ರು ಆ ಹೊತ್ತನ್ನು ಪಾಠಕ್ಕೆ ಇಟ್ಟುಕೊಂಡರು. ರೀಲು ಮುಗಿದಾಗ ಒಂದು ಬದಿಯ ಕಂಬಳಿ ಎತ್ತಿಸಿ, ಬೆಳಕಿನಲ್ಲಿ ನಿಂತು, "ಈಗ ಇವನು ಮಾಡಿದ್ದು ಸರಿಯಾ? ನೀವಾಗಿದ್ರೆ ಏನು ಮಾಡ್ತಿದ್ರಿ?" ಎಂದು ಕೇಳುವುದು. ಹೌದು ಎನ್ನುವವರು ಕೈ ಎತ್ತಬೇಕು. ಈ ಸಿನಿಮಾವನ್ನು ಅವರೂ ನೋಡಿರಲಿಲ್ಲ. ಚನ್ನರಾಯಪಟ್ಟಣದಲ್ಲಿ ಮೇಷ್ಟರಾಗಿದ್ದ ಅವರ ಸ್ನೇಹಿತರು ನೋಡಿ, ಮಕ್ಕಳಿಗೆ ತೋರಿಸಲೇಬೇಕೆಂದು ಕಾಗದ ಬರೆದಿದ್ದರಂತೆ.

ಅದು ಒಬ್ಬ ಅಂಬಿಗನ ಕತೆ. ನಾವು ಹುಟ್ಟುವ ಮೊದಲೇ ತೆಗೆದದ್ದಿರಬೇಕು, ಪರದೆಯ ತುಂಬ ಗೀರುಗಳು ಮಳೆ ಸುರಿದ ಹಾಗೆ ಸುರಿಯುತ್ತಿದ್ದವು. ಮೂರು ರೀಲು ಅಂಬಿಗ ಜನರನ್ನು ಹೊಳೆ ದಾಟಿಸಿದ, ಹಾಡಿದ, ನಮ್ಮನ್ನು ನಗಿಸಿದ. ಮುಂದಿನ ರೀಲು ಶುರುವಾಗುತ್ತಲೇ ಅವನು ಗುಟ್ಟಾಗಿ ಮರಳು ತೋಡಿ ಒಡವೆಯ ಗಂಟು ಹೂಳುತ್ತಿದ್ದ. ಜನ ಬಂದು ಹಿಡಿದರು, ಚಾವಡಿಗೆ ಎಳೆದರು. ಯಾರದು ಈ ಒಡವೆ ಎಂದು ಕೇಳಿದರೆ ತುಟಿ ಬಿಚ್ಚಲಿಲ್ಲ. ಹೊಡೆದರೂ ಬಿಚ್ಚಲಿಲ್ಲ. "ಕಳ್ಳ! ಇಕ್ಕ್ರಲಾ ಇನ್ನೂ ನಾಕು!" ಎಂದು ನಮ್ಮ ಹುಡುಗರು ಟೆಂಟು ಹಾರಿಹೋಗುವಂತೆ ಕೂಗಿದರು.

ರೀಲು ಮುಗಿಯಿತು. ಕಂಬಳಿ ಎತ್ತಿದರು.

"ನಗುನಗುತ್ತಾ ಇದ್ದೋನು ಎಂಥೋನಾದ ನೋಡಿದ್ರಾ? ಆಸೆ ಮನುಷ್ಯನ್ನ ಹೆಂಗೆ ಕೆಡಿಸ್ತದೆ ನೋಡಿ. ಇವನು ಕಳ್ಳ ಅನ್ನೋರು ಕೈ ಎತ್ತಿ" ಎಂದು ಮೇಷ್ಟ್ರು ತಾವೇ ಮೊದಲು ಕೈ ಎತ್ತಿದರು.

ನೂರು ಕೈ ಮೇಲೆದ್ದವು. ನನ್ನದೂ ಎದ್ದಿತು. ಎಲ್ಲರಿಗಿಂತ ಎತ್ತರಕ್ಕೆ ಎತ್ತಿದ್ದೆ ಎಂದು ನೆನಪು. ಗೆಳತಿ ಮಾತ್ರ ಎರಡು ಕೈಯನ್ನೂ ಮಡಿಲಲ್ಲಿಟ್ಟುಕೊಂಡು ಕೂತಿದ್ದಳು.

"ಯಾಕಮ್ಮ, ನಿನಗೆ ಇವನು ಒಳ್ಳೇವ್ನಾ?" ಮೇಷ್ಟ್ರು ಕೇಳಿದರು. ಹುಡುಗರು ಕಿಸಕ್ಕೆಂದರು.

ಅವಳು ಎದ್ದು ನಿಂತಳು. "ಗೊತ್ತಿಲ್ಲ ಸಾ. ಮುಂಚೆ ಅವನ ಕಾಲು ಸರ್ಯಾಗೇ ಇತ್ತು. ಈಗ ಬಟ್ಟೆ ಕಟ್ಕಂಡು ಕುಂಟ್ತಾವ್ನೆ. ಗಾಯ ಯಾವಾಗಾಯ್ತು ಅಂತ ನಾವು ನೋಡೇ ಇಲ್ಲ. ಮಧ್ಯ ಏನೋ ಆಗೈತೆ ಸಾ, ನಮಗೆ ತೋರ್ಸಿಲ್ಲ."

ಮೇಷ್ಟ್ರು ಹಿಂದೆ ತಿರುಗಿ ಆಪರೇಟರನ್ನು ನೋಡಿದರು. ಆತ ತಗಡಿನ ಡಬ್ಬಿಗಳನ್ನು ಒಂದೊಂದೇ ಬೆಳಕಿಗೆ ಹಿಡಿದು ನೋಡಿ, ತಲೆ ಕೆರೆದುಕೊಂಡ. ಹೊಳೆನರಸೀಪುರದಿಂದ ಬಸ್ಸಿನ ಮೇಲೆ ಬಂದ ಡಬ್ಬಿಗಳವು. ಸೀಮೆಸುಣ್ಣದಲ್ಲಿ ಬರೆದ ನಂಬರು ಉಜ್ಜಿ ಅಳಿಸಿಹೋಗಿತ್ತು. "ತಪ್ಪಾಗೋಯ್ತು ಸಾ. ಮೂರಾದ್ಮೇಲೆ ಐದು ಆಕ್ಬುಟ್ಟಿದೀನಿ. ನಾಕನೇದು ಇಲ್ಲೇ ಅದೆ."

ನಾಲ್ಕನೇ ರೀಲು ಓಡಿತು. ಉಕ್ಕುವ ಹೊಳೆ. ಒಬ್ಬಳು ಪುಟ್ಟ ತಬ್ಬಲಿ ಹುಡುಗಿ. ಅವಳ ಒಡವೆ ಕಿತ್ತುಕೊಳ್ಳಲು ಹಿಂದೆ ಬಿದ್ದ ನೆಂಟರು. ದೋಣಿ ಬಂಡೆಗೆ ಬಡಿದಾಗ ಅಂಬಿಗ ನೀರಿಗೆ ಹಾರಿ ಅವಳನ್ನು ಉಳಿಸಿದ, ಕಾಲು ಸೀಳಿಹೋಯಿತು. ಅಣ್ಣ ಬರುವವರೆಗೆ ಬಚ್ಚಿಟ್ಟಿರು, ಯಾರಿಗೂ ಹೇಳಬೇಡ ಎಂದು ಅವಳು ಗಂಟನ್ನು ಅವನ ಕೈಗಿಟ್ಟಳು. ಅವನು ಮಾತು ಕೊಟ್ಟ. "ಇಕ್ಕ್ರಲಾ" ಎಂದು ಕೂಗಿದ ಹುಡುಗರು ತಲೆ ತಗ್ಗಿಸಿ ಮರಳು ಕೆದಕುತ್ತಿದ್ದರು.

ಮತ್ತೆ ಕಂಬಳಿ ಎತ್ತಿದಾಗ ಮೇಷ್ಟ್ರು ಬೆಳಕಿಗೆ ಬಂದು ನಿಂತರು. ಪ್ರಶ್ನೆ ಬರೆದುಕೊಂಡಿದ್ದ ಚೀಟಿಯನ್ನು ಮಡಚಿ ಜೇಬಿಗೆ ಹಾಕಿಕೊಂಡರು. "ನಿಮಗಿಂತ ಮುಂಚೆ ನಾನು ಕೈ ಎತ್ತಿದೆ. ಮೇಷ್ಟ್ರು ಎತ್ತಿದ್ರು ಅಂತ ನೀವು ಎತ್ತಿದ್ರಿ. ಈ ತಪ್ಪು ನಂದು, ಮಕ್ಕಳೇ" ಎಂದರು. ಮೇಷ್ಟರಾದವರು ಮಕ್ಕಳ ಮುಂದೆ ತಪ್ಪು ಒಪ್ಪಿಕೊಂಡದ್ದನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ.

ನಾನು ಯಾವಾಗ ಎದ್ದು ನಿಂತೆನೋ ನನಗೇ ತಿಳಿಯದು. "ಗ್ಲೋಬ್ ಒಡ್ದಿದ್ದು ನಾನು ಸಾ. ಅವಳಲ್ಲ. ಅವಳು ನನ್ನ ನೋಡಿದ್ಲು, ಯೋಳ್ನಿಲ್ಲ" ಎಂದು ಒಂದೇ ಉಸಿರಿಗೆ ಹೇಳಿ ಹೋ ಎಂದು ಅತ್ತೆ.

ಮೇಷ್ಟ್ರು ನನ್ನನ್ನು ಬೈಯಲಿಲ್ಲ, ಶಹಬ್ಬಾಸ್ ಎಂದೂ ಹೇಳಲಿಲ್ಲ. ಅದು ಸರಿಯಾಗಿಯೇ ಇತ್ತು, ಎರಡು ವಾರ ತಡಮಾಡಿದವಳಿಗೆ ಎಂಥ ಶಹಬ್ಬಾಸ್? ಮರಳಿನ ಮೇಲೆ ನಡೆದು ಗೆಳತಿಯ ಹತ್ತಿರ ಹೋದರು. "ನಿನ್ನ ಮಾತು ನಾನು ನಂಬಬೇಕಿತ್ತು. ತಪ್ಪಾಯ್ತು ಕಣಮ್ಮ" ಎಂದರು. ಅವಳೂ ಅತ್ತಳು. ಆಪರೇಟರ್ ಏನು ಮಾಡುವುದೆಂದು ತೋಚದೆ ಆರನೇ ರೀಲು ಹಚ್ಚಿದ. ಆ ಸಿನಿಮಾ ಹೇಗೆ ಮುಗಿಯಿತೋ ನನಗೆ ಇವತ್ತಿಗೂ ಗೊತ್ತಿಲ್ಲ. ಕಣ್ಣೀರಲ್ಲಿ ಪರದೆಯೆಲ್ಲ ಕಲಸಿಹೋಗಿತ್ತು.

ಸಂಜೆ ಅಕ್ಕ ರೊಟ್ಟಿ ತಟ್ಟುತ್ತಾ ಕತೆ ಕೇಳಲು ಕೂತಳು. ಒಂದೂ ಬಿಡದೆ ಹೇಳಬೇಕೆಂದು ಹೇಳಿದ್ದಳಲ್ಲ, ಗ್ಲೋಬಿನ ಕತೆಯನ್ನೂ ಸೇರಿಸಿ ಹೇಳಿದೆ. ಜಗಲಿಯ ಮೇಲೆ ಅಪ್ಪ ಇದ್ದರೆಂದು ನನಗೆ ಗೊತ್ತಿರಲಿಲ್ಲ. ಒಳಗೆ ಬಂದರು. ಇವತ್ತು ನನ್ನ ಚರ್ಮ ಸುಲಿಯುತ್ತಾರೆ ಎಂದು ಅಕ್ಕನ ಸೆರಗು ಹಿಡಿದೆ. "ಅವಳ್ಯಾಕೆ ನಿನ್ನೆಸ್ರು ಯೋಳ್ನಿಲ್ಲ?" ಎಂದು ಅಪ್ಪ ಕೇಳಿದರು. ನನಗೆ ಗೊತ್ತಿಲ್ಲ ಎಂದೆ. ಅಪ್ಪನಿಗೆ ಗೊತ್ತಿತ್ತು. "ಅವ್ರವ್ವ ನಮ್ ಕಣದಾಗೆ ರಾಗಿ ಬಡೀತಾವ್ಳಲ್ಲ, ಅದ್ಕೆ" ಎಂದು ತಮಗೆ ತಾವೇ ಹೇಳಿಕೊಂಡು ಹೊರಗೆ ಹೋದರು.

ಮರುದಿನ ಬೆಳಿಗ್ಗೆ ಅಪ್ಪ ನನ್ನನ್ನು ಕರೆದುಕೊಂಡು ಕೇರಿಗೆ ಹೋದರು. ಅವರು ಆ ಮನೆಯ ಬಾಗಿಲಿಗೆ ಹೋದದ್ದು ಅದೇ ಮೊದಲು. "ನಮ್ ಮಗಳು ತಪ್ಪು ಮಾಡವ್ಳೆ, ನಿಮ್ ಮಗಳು ಅನುಭವಿಸವ್ಳೆ. ಅವಳು ಓದಕ್ಕೋಗ್ಲಿ ಕಣವ್ವ, ಯಾರಿಗೂ ಎದರ್ಬ್ಯಾಡ" ಎಂದರು. ಗೆಳತಿಯ ಅವ್ವ ಚಾಪೆ ಹಾಸಿದರು. ಅಪ್ಪ ಕೂರಲಿಲ್ಲ, ಅಂಗಳದಲ್ಲಿ ನಿಂತೇ ಮಾತಾಡಿ ಬಂದರು. ಅಪ್ಪನ ಮೇಲೆ ನನಗೆ ಅಂದು ಹೆಮ್ಮೆಯಾಯಿತು. ಖಾಲಿ ಉಳಿದ ಆ ಚಾಪೆಯನ್ನೂ ನಾನು ಮರೆತಿಲ್ಲ.

ಮೇಷ್ಟ್ರು ನಡತೆಯ ಪತ್ರ ಬರೆದುಕೊಟ್ಟರು. ಗೆಳತಿ ಹಾಸನದಲ್ಲಿ ಓದಿ, ಚನ್ನರಾಯಪಟ್ಟಣದಲ್ಲಿ ಮೂವತ್ತು ವರ್ಷ ಶಾಲೆಯ ಮೇಡಂ ಆಗಿದ್ದಳು. ಸಿನಿಮಾ ಕೊನೆಗೆ ಏನಾಯಿತೆಂದು ಅವಳನ್ನು ಕೇಳಿದರೆ, "ನಾನೆಲ್ಲಿ ನೋಡ್ದೆ, ನಿನ್ನ ಅಳು ನೋಡದ್ರಲ್ಲೇ ಆಗೋಯ್ತು" ಎಂದು ಈಗಲೂ ನಗುತ್ತಾಳೆ.

ಮೊಮ್ಮಕ್ಕಳೇ, ಈಗ ನಿಮಗೆ ಕಂಬಳಿ ಬೇಡ, ಎರಡು ಮೈಲಿ ನಡೆಯಬೇಕಿಲ್ಲ. ಅಂಗೈಯಲ್ಲೇ ಸಿನಿಮಾ. ಮೊನ್ನೆ ನೀವು ಫೋನಿನಲ್ಲಿ ಅರ್ಧ ನಿಮಿಷದ ವಿಡಿಯೊ ತೋರಿಸಿ, "ನೋಡಜ್ಜಿ, ಈ ಹೆಂಗಸು ಬಸ್‌ಸ್ಟ್ಯಾಂಡಲ್ಲಿ ಬ್ಯಾಗು ಕದೀತಿದಾಳೆ" ಎಂದಿರಿ. ಅವಳ ಕಾಲಿಗೆ ಬಟ್ಟೆ ಯಾವಾಗ ಕಟ್ಟಿದರು ಎಂದು ನಾನು ಕೇಳಿದಾಗ, ಅಜ್ಜಿಗೆ ಅರಳುಮರಳು ಎಂದು ಮುಖ ಮುಖ ನೋಡಿಕೊಂಡಿರಿ. ಅದಕ್ಕೇ ಇಷ್ಟೆಲ್ಲ ಹೇಳಬೇಕಾಯಿತು.

ನಿಮ್ಮ ಕಾಲ ಕೆಟ್ಟದ್ದೆಂದು ನಾನು ಹೇಳುವುದಿಲ್ಲ. ನಮ್ಮ ಕಾಲದಲ್ಲೂ ನೂರು ಕೈ ಎದ್ದಿದ್ದವು, ಅದರಲ್ಲಿ ನನ್ನದೂ ಒಂದು. ಆದರೆ ನನ್ನ ಪಕ್ಕದಲ್ಲಿ, ಮರಳಿನ ಮೇಲೆ, ಕೈ ಎತ್ತದೆ ಕೂತವಳೊಬ್ಬಳಿದ್ದಳು. ನೀವು ಫೋನು ಹಿಡಿದು ಮೂಲೆಯಲ್ಲಿ ಒಬ್ಬೊಬ್ಬರೇ ಕೂತಿರುವುದನ್ನು ಕಂಡಾಗಲೆಲ್ಲ ನನ್ನ ಕಣ್ಣು ನಿಮ್ಮ ಪಕ್ಕದ ಖಾಲಿ ಜಾಗಕ್ಕೆ ಹೋಗುತ್ತದೆ.